ಅವ್ವ ಕೂರುವ ಜಾಗ ಬಿಟ್ಟು ತೊಳೆಯಿರಿ

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಆದ್ದರಿಂದ ಮನೆಮುಂದಿನ ಕಾಂಕ್ರೀಟ್ ಹಾದಿಯನ್ನು ತೊಳೆಸುವ ಕೆಲಸ ನನ್ನ ಕೈಯಲ್ಲಿ ಕೆಡುವುದು ಸಾಧ್ಯವೇ ಇಲ್ಲ ಎಂದು ನಂಬಿದ್ದೆ.

ರಾಣೆಬೆನ್ನೂರಿನ ನಮ್ಮ ಮನೆಯ ಗೇಟಿನಿಂದ ಕಟ್ಟೆಯವರೆಗೆ ಆ ಹಾದಿ ಹಾಕಿಸಿದ್ದು ಕಾರಿಗೆಂದು. ಕಾರು ಓಣಿಯಲ್ಲೇ ನಿಂತಿತು. ಹಾದಿ ಅವ್ವನ ಪಾಲಾಯಿತು! ಬ್ಯಾಡಗಿಯಲ್ಲಿರುವ ತಂಗಿ ಗಿರಿಜಾ ಪ್ರತಿ ಸುಗ್ಗಿಗೂ ಮೆಣಸಿನಕಾಯಿ ಕಳಿಸುತ್ತಿದ್ದಳು. ಅವ್ವ ಅದನ್ನು ಅಲ್ಲಿ ಹರವಿ, ನಡುವೆ ಕೂತು, ತೊಟ್ಟು ಬಿಡಿಸುತ್ತಿದ್ದಳು. ವರ್ಷಗಳು ಕಳೆದಂತೆ ಕಾಂಕ್ರೀಟೆಲ್ಲ ಕೆಂಪಾಯಿತು. ಅವಳು ಕೂರುವಷ್ಟು ಜಾಗ ಮಾತ್ರ ಬೆಳ್ಳಗೆ ಉಳಿಯಿತು. ಒಂದು ಕಾಲು ಚಾಚಿ ಕೂರುತ್ತಿದ್ದಳಲ್ಲ, ಆ ಬಿಳಿ ಗುರುತೂ ಒಂದು ಕಡೆ ಚಾಚಿಕೊಂಡಿತ್ತು. ಎಡಗಾಲೋ, ಬಲಗಾಲೋ? ದಿನಾ ದಿನಚರಿ ಬರೆಯುವವನು ನಾನು. ಯಾವ ದಿನ ಯಾವ ಉಪ್ಪಿಟ್ಟು ತಿಂದೆ ಎಂಬುದು ಅದರಲ್ಲಿದೆ. ಇದಿಲ್ಲ.

ಅವ್ವ ಹೋದಳು. ವರ್ಷದ ತಿಥಿ ಹತ್ತಿರ ಬಂತು. ಮಳೆಗೆ ಹಾದಿ ಪಾಚಿಗಟ್ಟಿ, ಬಂದವರು ಜಾರಿ ಬೀಳುವಂತಾಗಿತ್ತು. ತೊಳೆಸುತ್ತೇನೆ ಎಂದು ಗಿರಿಜಾಗೆ ಫೋನ್ ಮಾಡಿದೆ.

"ತೊಳಸೋ ಅಣ್ಣಾ. ಆದ್ರ ಅವ್ವ ಕುಂದ್ರೋ ಜಾಗ ಹಂಗ ಇರ್ಲಿ. ಬಂದಾಗ ಒಂದು ಘಳಿಗಿ ಅದರಾಗ ಕುಂತು ಎದ್ದು ಬರತೇನಿ," ಎಂದಳು.

"ಅದು ನನ್ನ ಜವಾಬ್ದಾರಿ!" ಎಂದೆ.

ಗುತ್ತಿಗೆದಾರರ ಸಂದರ್ಶನ ಆರಂಭವಾಯಿತು. ಒಬ್ಬ, ಪೂರ್ತಿ ಒಡೆದು ಹೊಸದು ಹಾಕೋಣ ಎಂದ. ಇನ್ನೊಬ್ಬ ಆ್ಯಸಿಡ್ ಸುರಿಯೋಣ ಎಂದ. ಹಾವೇರಿಯ ಚನ್ನಬಸು ಮಾತ್ರ ತನ್ನ ಯಂತ್ರ ತೊಳೆದ ಟ್ರ್ಯಾಕ್ಟರುಗಳ ಫೋಟೊ ತೋರಿಸಿ, "ಸರ, ನೀರಿನ ಹೊಡತಕ್ಕ ಹಾಲಿನಂಗ ಬೆಳ್ಳಗ ಮಾಡಿಕೊಡ್ತೇನ್ರಿ," ಎಂದ. ಅವನೇ ಆಯ್ಕೆಯಾದ.

"ಅವ್ವನ ಜಾಗದ ಕಡೆ ಲಕ್ಷ್ಯ ಇರ್ಲಿರಿ," ಎಂದು ಹೇಳಿ ಹೆಂಡತಿ ಸುಮಾ ತಿಥಿಯ ಸಾಮಾನಿಗೆ ಪೇಟೆಗೆ ಹೋದಳು. ನಾನು ಬಿಳಿ ಗುರುತಿನ ಮೇಲೆ ಗೋಣಿಚೀಲ ಹಾಸಿ, ನಾಲ್ಕೂ ಮೂಲೆಗೆ ಇಟ್ಟಂಗಿ ಇಟ್ಟು, ಸ್ಮಾರಕ ಸಂರಕ್ಷಣಾಧಿಕಾರಿಯಂತೆ ಆಜ್ಞಾಪಿಸಿದೆ: "ಇದೊಂದು ಬಿಟ್ಟು ಎಲ್ಲಾ ತೊಳಿ. ಒಂದು ಚೂರೂ ಕೆಂಪು ಉಳೀಬಾರದು!"

ಯಂತ್ರ ಗುಡುಗಿತು. ಅಷ್ಟು ವರ್ಷಗಳ ಬ್ಯಾಡಗಿ ಮೆಣಸಿನಕಾಯಿ ಮಂಜಾಗಿ ಮೇಲೆದ್ದಿತು. ಚನ್ನಬಸು ಕೆಮ್ಮಿದ. ನಾನು ಸೀನಿದೆ. ಪಕ್ಕದ ಮನೆಯ ಈರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಬಂದು, "ಏನೋ ಮಾರಾಯಾ, ಇಡೀ ಓಣಿಗೇ ವಗ್ಗರಣಿ ಹಾಕಾಕತ್ತೀ ಏನು?" ಎಂದು ಕೂಗಿದಳು. ಚನ್ನಬಸು ಪೈಪನ್ನು ಅಲ್ಲೇ ಬಿಟ್ಟು ಓಡಿದ. ಅದು ಹಾವಿನಂತೆ ಹೊರಳಾಡತೊಡಗಿತು. ಅವನ ಹಿಂದೆ ನಾನೂ ಓಡಿದೆ.

ಓಣಿಯ ಆಚೆ ಬದಿಯಲ್ಲಿ ಮೂವರೂ ಸಾಲಾಗಿ ನಿಂತು ಧಾರಾಕಾರವಾಗಿ ಅಳುತ್ತಿದ್ದೆವು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ಇಳಿದು ಟೊಪ್ಪಿಗೆ ತೆಗೆದ.

"ಯಾರು ತೀರಿಕೊಂಡ್ರಿ?"

"ನಮ್ಮವ್ವ," ಎಂದೆ.

"ಅಯ್ಯ ಪಾಪ! ಯಾವಾಗ್ರಿ?"

"ಹೋದ ವರ್ಷ."

ಆತ ಟೊಪ್ಪಿಗೆ ಮತ್ತೆ ಹಾಕಿಕೊಂಡು, ಸೈಕಲ್ ಹತ್ತಿದ.

ಅವ್ವ ಹೋದ ದಿನ ಜನ, ಅಡುಗೆ, ವ್ಯಾನು ಅಂತ ಓಡಾಡುತ್ತಲೇ ಇದ್ದೆ, ಅತ್ತ ನೆನಪಿಲ್ಲ. ಹಾದಿ ತೊಳೆಸಿದ ದಿನ ಓಣಿಯಲ್ಲಿ ಮಾತ್ರ ಚೆನ್ನಾಗಿಯೇ ಅತ್ತೆ. ಅದರಲ್ಲಿ ಮೆಣಸಿನಕಾಯಿಯ ಪಾಲೆಷ್ಟು ಎಂದು ಈಗ ಹೇಳಲಾರೆ.

ಘಾಟು ಇಳಿದ ಮೇಲೆ ಒಳಗೆ ಬಂದೆವು. ಇಟ್ಟಂಗಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಗೋಣಿಚೀಲ ಗೇಟಿನ ಗಟಾರದಲ್ಲಿ ತೇಲುತ್ತಿತ್ತು!

"ಗಾಬರಿ ಆಗಬ್ಯಾಡ್ರಿ ಸರ. ಚೀಲ ಹೋಗೇತಿ, ಜಾಗ ಎಲ್ಲಿ ಹೋಗತೈತಿ? ಒಣಗಲಿ, ಕಾಣತೈತಿ," ಎಂದು ಚನ್ನಬಸು ಅಂಚಿನಲ್ಲಿ ಉಳಿದಿದ್ದ ಕೆಂಪನ್ನೂ ತೊಳೆದು ಮುಗಿಸಿದ.

ಒಣಗಿತು. ಕಾಣಲಿಲ್ಲ. ಗೇಟಿನಿಂದ ಕಟ್ಟೆಯವರೆಗೆ ಒಂದೇ ಬಿಳುಪು. ಆಗ ತಲೆಗೆ ಹೊಳೆಯಿತು. ಅವ್ವನ ಗುರುತು ಇದ್ದದ್ದು ಸುತ್ತಲಿನ ಕೆಂಪಿನಿಂದ. ಆ ಕೆಂಪನ್ನು ಚೂರೂ ಬಿಡದಂತೆ ತೊಳೆಸಿದ್ದು ನಾನೇ. ಚೀಲ ಅಲ್ಲೇ ಕೂತಿದ್ದರೂ ಅದರ ಕೆಳಗೆ ಉಳಿಯುವುದೇನಿತ್ತು?

ತಿಥಿಯ ದಿನ ಗಿರಿಜಾ ಕೈಯಲ್ಲಿ ಮೆಣಸಿನಕಾಯಿ ಚೀಲ ಹಿಡಿದುಕೊಂಡೇ ಬಂದಳು. ಗೇಟಿನಲ್ಲೇ ನಿಂತಳು.

"ಎಲ್ಲೈತೋ ಅಣ್ಣಾ?"

"ಇಲ್ಲೇ, ಕಂಬದ ಹತ್ರ," ಎಂದೆ.

"ಅಲ್ಲಲ್ರಿ, ನಳದ ಕಡೆ," ಎಂದಳು ಸುಮಾ.

"ತುಳಸಿ ಕಟ್ಟೀ ಮುಂದಲ್ಲೇನು?" ಎಂದಳು ಗಿರಿಜಾ.

ಮೂರು ಸಾಕ್ಷ್ಯ, ಮೂರು ಜಾಗ! ಗಿರಿಜಾ ಬೈಯಲಿಲ್ಲ. ಚೀಲವನ್ನು ಕೆಳಗಿಟ್ಟು, ಕಟ್ಟೆಯ ಮೆಟ್ಟಿಲ ಮೇಲೆ ಒಂದು ಘಳಿಗೆ ಕೂತು, ಎದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಮೆಣಸಿನಕಾಯಿ ಬಂದಾಗಲೆಲ್ಲ ಕಂಬದ ಹತ್ತಿರ ಹರವಿಕೊಂಡು ನಾನೇ ತೊಟ್ಟು ಬಿಡಿಸುತ್ತೇನೆ. ಒಂದು ಕಾಲು ಚಾಚಿ. ಎಡಗಾಲೆಂದು ನಿರ್ಧರಿಸಿದ್ದೇನೆ. ಮೊನ್ನೆ ಎದ್ದು ನೋಡಿದರೆ ಕಾಂಕ್ರೀಟಿಗೆ ತೆಳ್ಳಗೆ ಕೆಂಪು ಹತ್ತಿದೆ, ನಡುವೆ ಬೆಳ್ಳಗೆ ಗುರುತು! ಸುಮಾಳನ್ನು ಕೂಗಿದೆ. ಆಕೆ ಬಹಳ ಹೊತ್ತು ನೋಡಿ, ಮೆಲ್ಲಗೆ ಹೇಳಿದಳು:

"ಖರೇನ ಬಂದೈತ್ರಿ. ಆದ್ರ ಅವ್ವನಂಥವರು ಇದರಾಗ ಮೂರು ಮಂದಿ ಕುಂದ್ರತಾರ."

ಇತಿಹಾಸದ ಎಂ.ಎ. ಪದವೀಧರ ಕೊನೆಗೂ ಸಂರಕ್ಷಿಸಿದ ಏಕೈಕ ದಾಖಲೆ: ಅವನದೇ ಬೆನ್ನಿನ ಕೆಳಭಾಗ!