ಅಲ್ಲಾಡಿಸಿ ಕೊಂಡ ಬೈಕು

ಬಿಳಿಗೆರೆಯ ನಮ್ಮ ಸೋದರಮಾವ ಒಂದು ಹನಿ ಪೆಟ್ರೋಲಿಗಾಗಿ ಗಾಳಿಯ ಮೇಲೂ ಜಗಳಕ್ಕೆ ನಿಲ್ಲುವ ಮನುಷ್ಯ. ನಂಬಿ! ಎದುರುಗಾಳಿ ಬೀಸುವ ದಿನ ಅವರು ತಿಪಟೂರಿಗೆ ಹೋಗುವುದೇ ಇಲ್ಲ. "ಗಾಳಿ ನಮ್ ಪೆಟ್ರೋಲ್ ಕುಡಿತೈತೆ ಕಣ್ಲಾ" ಎನ್ನುತ್ತಾ ಅಂಗಳದಲ್ಲಿ ನಿಂತು ತೆಂಗಿನ ಗರಿ ಯಾವ ಕಡೆ ಬಾಗಿದೆ ಎಂದು ನೋಡುತ್ತಾರೆ. ಪೇಟೆಯ ಕಡೆ ಬಾಗಿದ್ದರೆ ಮಾತ್ರ ಕಿಕ್ ಹೊಡೆಯುತ್ತಾರೆ. ವಾಪಸು ಬರುವಾಗ ಅದೇ ಗಾಳಿ ಎದುರಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಬರೋವಾಗ ಮೂಟೆ ಇರಾಕಿಲ್ವಲ್ಲ, ಹಗುರ" ಅಂದರು. ಇದಕ್ಕೆ ಏನು ಹೇಳುತ್ತೀರಿ?

ಅವರ ಬೈಕು ನೂರು ಸಿಸಿಯದು. ಅದಕ್ಕೂ ಮೊದಲು ಮನೆಯಲ್ಲಿದ್ದದ್ದು ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕಿದ್ದ ಟೂ ಸ್ಟ್ರೋಕ್ ಗಾಡಿ. ಅದು ಹೊರಟರೆ ಹಿಂದೆ ಅರ್ಧ ಊರೇ ಹೊಗೆಯಲ್ಲಿ ಮರೆಯಾಗುತ್ತಿತ್ತು. ಆಮೇಲೆ ಫೋರ್ ಸ್ಟ್ರೋಕ್ ಗಾಡಿಗಳು ಬಂದವು. ಒಂದು ಲೀಟರಿನಲ್ಲಿ ತಿಪಟೂರಿನಿಂದ ತುರುವೇಕೆರೆಗೆ ಹೋಗಿ ಬರಬಹುದಂತೆ ಎಂಬ ಸುದ್ದಿ ಕೇಳಿದ ಮಾವನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ನನ್ನನ್ನೂ ಕರೆದುಕೊಂಡು ಶೋರೂಮಿಗೆ ಹೋದರು.

ಅಲ್ಲಿ ನಡೆದದ್ದನ್ನು ಹೇಳುವ ಮುಂಚೆ ನಮ್ಮ ಕಡೆಯ ಒಂದು ವಿದ್ಯೆಯ ಬಗ್ಗೆ ಹೇಳಬೇಕು. ನಾವು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು ಕೊಬ್ಬರಿ ಮಾಡುವವರು. ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಗುಳುಗುಳು ಎಂದರೆ ಇನ್ನೂ ಆಗಿಲ್ಲ. ಚಿಪ್ಪು ಬಿಟ್ಟ ಒಣಕೊಬ್ಬರಿಯ ಉಂಡೆ, ಅಂದರೆ ಗಿಟುಕು, ಗಡಗಡ ಎಂದರೆ ಆಯಿತು. ಈ ಪರೀಕ್ಷೆಯಲ್ಲಿ ಮಾವನ ಕಿವಿಯನ್ನು ಮೀರಿಸುವ ಕಿವಿ ಮೂರು ತಾಲ್ಲೂಕಿನಲ್ಲಿಲ್ಲ!

ಶೋರೂಮಿನಲ್ಲಿ ಮಾವ ಸಾಲಾಗಿ ನಿಂತಿದ್ದ ಬೈಕುಗಳ ಹ್ಯಾಂಡಲ್ ಹಿಡಿದು ಒಂದೊಂದನ್ನೇ ಅಲ್ಲಾಡಿಸಿ ಟ್ಯಾಂಕಿಗೆ ಕಿವಿಯಿಟ್ಟರು. ಅಲ್ಲಿಯವನು ಗಾಬರಿಯಾಗಿ, "ಏನ್ ನೋಡ್ತಿದ್ದೀರಾ ಯಜಮಾನ್ರೇ?" ಎಂದು ಕೇಳಿದ.

"ಒಳಗೇನಾದ್ರೂ ಸಡ್ಲ ಐತಾ ಅಂತ."

ಮೂರು ಬೈಕು ಫೇಲಾದವು. ನಾಲ್ಕನೆಯದು ಪಾಸಾಯಿತು. ಅದರ ಬಣ್ಣ ಕಪ್ಪು ಎಂದು ಮಾವನಿಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ, ನಮ್ಮತ್ತೆ ಹೇಳಿದಾಗ!

ನಾನು ನಗುತ್ತಾ ಬರೆಯುತ್ತಿದ್ದೇನೆ, ನಿಜ. ಆದರೆ ಆ ಬೈಕು ಇಪ್ಪತ್ತೆರಡು ವರ್ಷ ಹೊತ್ತದ್ದನ್ನು ನೆನೆದರೆ ಬೆರಗಾಗುತ್ತದೆ. ಕಾಯಿ ಮೂಟೆ, ಹಸಿ ಹುಲ್ಲಿನ ಹೊರೆ, ಔಷಧಿ ಹೊಡೆಯುವ ಪಂಪು, ಒಮ್ಮೆ ಒಂದು ಮಂಚ! ಅರಳಗುಪ್ಪೆಯಿಂದ ಒಂದು ಕರು ಅತ್ತೆಯ ತೊಡೆಯ ಮೇಲೆ ಕೂತು, ದಾರಿಯುದ್ದಕ್ಕೂ ಮಾವನ ಬೆನ್ನು ನೆಕ್ಕುತ್ತಾ ಬಂತು. ಆ ಬೈಕಿನಲ್ಲಿ ಇರುವುದಾದರೂ ಏನು? ಒಂದು ಕಿಕ್ಕು, ಒಂದು ಚೋಕು, ಒಂದು ರಿಸರ್ವ್ ತಿರುಪು. ತಿಪಟೂರಿನ ಮೆಕ್ಯಾನಿಕ್ ರಫೀಕಣ್ಣ ಅದನ್ನು ಬಿಚ್ಚಿದಾಗಲೆಲ್ಲ ಹೇಳುವುದು ಒಂದೇ ಮಾತು: "ಇದ್ರಲ್ಲಿ ಏನೂ ಇಲ್ಲ ಸಾರ್, ಅದಕ್ಕೇ ಏನೂ ಕೆಡಲ್ಲ."

ಪೆಟ್ರೋಲ್ ಮುಳ್ಳು ಮಾತ್ರ ಎಂದೋ ಸತ್ತಿತ್ತು. ಮಾವನಿಗೆ ಅದರ ಹಂಗೇಕೆ? ದಿನಾ ಬೆಳಿಗ್ಗೆ ಬೈಕನ್ನು ಅಲ್ಲಾಡಿಸಿ ಟ್ಯಾಂಕಿಗೆ ಕಿವಿಯಿಡುತ್ತಿದ್ದರು. ಒಂದು ದಿನ ಕಿಬ್ಬನಹಳ್ಳಿ ಇನ್ನೂ ಒಂದು ಮೈಲಿ ಇರುವಾಗ ಬೈಕು ನಿಂತಿತು. ರಿಸರ್ವಿನಲ್ಲೂ ಹನಿಯಿಲ್ಲ. ಇಬ್ಬರೂ ತಳ್ಳತೊಡಗಿದೆವು.

"ಬೆಳಿಗ್ಗೆ ಅಲ್ಲಾಡ್ಸಿದೆ ಕಣ್ಲಾ. ಗುಳುಗುಳು ಅನ್ಲಿಲ್ಲ. ಬಾಯ್ತನಕ ತುಂಬೈತೆ ಅಂದ್ಕೊಂಡೆ."

"ಪೂರ್ತಿ ಖಾಲಿಯಾದ್ರೂ ಅನ್ನಲ್ಲ ಮಾವ!"

ಮಾವ ತಳ್ಳುವುದನ್ನು ನಿಲ್ಲಿಸಿದರು. ಟ್ಯಾಂಕನ್ನು ಬಹಳ ಹೊತ್ತು ನೋಡಿದರು. "ಹೌದಲ್ವಾ... ಕಾಯಿ ಹಿಂಗೆ ಮೋಸ ಮಾಡಾಕಿಲ್ಲ ಬುಡು" ಅಂದರು.

ಬೈಕಿನ ಗುಣಗಾನ ಕೇಳಲು ಈಗ ಅವರಿಗೆ ಉಳಿದಿರುವುದು ಅತ್ತೆ ಒಬ್ಬರೇ. ನಾಲ್ಕು ವರ್ಷದ ಹಿಂದೆ ಜ್ವರ ಬಂದು ಅತ್ತೆಯ ಕಿವಿ ಪೂರ್ತಿ ಹೋಯಿತು. ಮಿಷನ್ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಮಾವ ಊಟಕ್ಕೆ ಕೂತು ಮೈಲೇಜಿನ ಮಹಿಮೆ ಹೇಳುತ್ತಾರೆ. ಅತ್ತೆ ತಲೆಯಾಡಿಸುತ್ತಾ ಸಾರು ಬಡಿಸುತ್ತಾರೆ. ಅಷ್ಟು ತಾಳ್ಮೆಯಿಂದ ಕೇಳುವವರು ಇನ್ನೆಲ್ಲಿ ಸಿಗಬೇಕು?

ಒಂದು ಮಾತ್ರ ನನಗೆ ಅರ್ಥವಾಗದೆ ಉಳಿದಿತ್ತು. ಇಳಿಜಾರು ಕಂಡಲ್ಲೆಲ್ಲ ಎಂಜಿನ್ ಆರಿಸುವ ಈ ಮಹಾನುಭಾವರು ಸಂಜೆ ಅಂಗಳಕ್ಕೆ ಬಂದರೆ ಬೈಕನ್ನು ಆರಿಸುತ್ತಲೇ ಇರಲಿಲ್ಲ! ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಟ್ಯಾಂಕಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಲ್ಲಬೇಕು. ಆಮೇಲೆಯೇ ಕೀ ತಿರುಗಿಸುತ್ತಿದ್ದರು. ಯಾವುದೋ ಹರಕೆ ಇರಬೇಕು ಎಂದುಕೊಂಡಿದ್ದೆ.

ಕಳೆದ ತಿಂಗಳು ನಾನೇ ಮುಂದೆ ನಿಂತು, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತರುವ ಮಾತುಕತೆ ಮುಗಿಸಿದೆ. ಈ ವಯಸ್ಸಿನಲ್ಲಿ ಕಿಕ್ ಹೊಡೆಯುವ ಕಷ್ಟವೇಕೆ? ಹೊಸದಕ್ಕೆ ಸೆಲ್ಫ್ ಸ್ಟಾರ್ಟ್ ಇದೆ, ಉಳಿದ ಪೆಟ್ರೋಲನ್ನು ಅಂಕಿಯಲ್ಲೇ ತೋರಿಸುವ ಮೀಟರಿದೆ. ಒಂದು ಸುತ್ತು ನೋಡಲಿ ಎಂದು ಬಿಳಿಗೆರೆಗೇ ತಂದೆ. ಮಾವ ಕೆರೆ ಏರಿಯವರೆಗೆ ಹೋಗಿ ಬಂದರು. ಅವರ ಮುಖ ಅರಳಿತ್ತು.

"ಬೆಣ್ಣೆ ಕಣ್ಲಾ, ಬೆಣ್ಣೆ! ಓಡ್ತೈತೋ ನಿಂತೈತೋ ಗೊತ್ತೇ ಆಗಾಕಿಲ್ಲ!"

ನಾನು ಗೆದ್ದೆ ಅಂದುಕೊಂಡೆ. ಮಾವ ಎಂದಿನಂತೆ ಎಂಜಿನ್ ಆರಿಸದೆ ಅಂಗಳದಲ್ಲಿ ಕಾದರು. ಅತ್ತೆ ಬಂದು ಹೊಸ ಟ್ಯಾಂಕಿನ ಮೇಲೆ ಅಂಗೈಯಿಟ್ಟರು. ಕಾದರು. ಇನ್ನೊಂದು ಕೈಯನ್ನೂ ಇಟ್ಟು ಒತ್ತಿದರು. ಆಮೇಲೆ ಮಾವನ ಮುಖ ನೋಡಿ, "ಆಫ್ ಮಾಡ್‌ಬುಟ್ರಾ?" ಎಂದು ಕೇಳಿದರು.

ಎಂಜಿನ್ ಓಡುತ್ತಲೇ ಇತ್ತು.

ಮಾವ ಇಳಿದು ಕೀಯನ್ನು ನನ್ನ ಕೈಗಿಟ್ಟರು. ಕೊಟ್ಟಿಗೆಯ ಪಕ್ಕ ನಿಂತಿದ್ದ ಹಳೆಯ ಬೈಕಿನ ಚೋಕ್ ಎಳೆದು ಕಿಕ್ ಹೊಡೆದರು. ಮೂರನೆಯ ಕಿಕ್ಕಿಗೆ ಅದು ಮಡ್‌ಗಾರ್ಡು, ಸೀಟು, ಕನ್ನಡಿ ಸಮೇತ ಗಡಗಡ ನಡುಗುತ್ತಾ ಎದ್ದಿತು. ಅತ್ತೆಯ ಕೈಹಿಡಿದು ಟ್ಯಾಂಕಿನ ಮೇಲಿಟ್ಟರು.

ಅತ್ತೆ ನಕ್ಕರು. ಕಿವಿ ಕೇಳದವರ ಆ ದೊಡ್ಡ ದನಿಯಲ್ಲಿ, "ನಂಗೆ ಈ ಮನೇಲಿ ಕೇಳ್ಸೋದು ಇದೊಂದೇ ಕಣಪ್ಪ" ಅಂದರು.

ನಾಲ್ಕು ವರ್ಷ ಎದುರಿಗೇ ನಡೆದದ್ದು ನನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ತಗಂಡೋಗಿ ವಾಪಸ್ ಕೊಟ್‌ಬುಡ್ಲಾ" ಎಂದು ಮಾವ ಬೈಕು ಹತ್ತಿದರು. ಅತ್ತೆ ಹಿಂದೆ ಕೂತು ಅವರ ಹೆಗಲು ಹಿಡಿದರು. ಆವತ್ತು ಗಾಳಿ ಜೋರಾಗಿತ್ತು, ಗರಿಗಳೆಲ್ಲ ಅಂಗಳದ ಕಡೆಗೇ ಬಾಗಿದ್ದವು. ಮಾವ ತಲೆಯೆತ್ತಿ ನೋಡಲೇ ಇಲ್ಲ. ಎದುರುಗಾಳಿಯಲ್ಲೇ ಪೇಟೆಯ ಕಡೆ ಹೊರಟರು.