ಗೋಡೆಯ ಬೆರಣಿಗಳನ್ನು ಕಲಾಕೃತಿಗಳೆಂದು ಪರಿಗಣಿಸುವ ಕುರಿತು

ಗೋಡೆ ಸೌಂದರ್ಯ ವಿಭಾಗ, ಮೈಸೂರು
ಸಂಖ್ಯೆ: ಗೋಸೌವಿ/ಬೆರಣಿ/ತಿದ್ದುಪಡಿ-೩/೨೦೨೫

ವಿಷಯ: ರಾಮಕೃಷ್ಣನಗರದ ಅಂಚಿನ ಉದ್ಯಾನದ ಗೋಡೆಗೆ ತಟ್ಟಲಾದ ಬೆರಣಿಗಳ ರಕ್ಷಣೆ, ಅವುಗಳನ್ನು ನೋಡುವ ಕ್ರಮ ಹಾಗೂ ಉರಿಸದಿರುವ ಬಗ್ಗೆ.

ಉಲ್ಲೇಖ: ೧) ಪ್ರವಾಸಿ ಶ್ರೀಮತಿ ಕ್ಯಾರೊಲಿನ್ ಅವರು ಅಂತರ್ಜಾಲದಲ್ಲಿ ಪ್ರಕಟಿಸಿದ ಬರಹ.
೨) ಶ್ರೀಮತಿ ಸಿದ್ದಲಿಂಗಮ್ಮ ಅವರ ಮೌಖಿಕ ಆಕ್ಷೇಪಣೆ (ಜೋರು ದನಿಯಲ್ಲಿ).

ಪ್ರಸ್ತಾವನೆ:
ಸದರಿ ಗೋಡೆಯ ಮೇಲೆ ಈ ವಿಭಾಗವು ಕಳೆದ ಯುಗಾದಿಗೆ ‘ಹಳ್ಳಿಯ ಸೊಬಗು’ ಎಂಬ ಚಿತ್ರವನ್ನು ಬರೆಸಿದ್ದು, ಅದರಲ್ಲಿ ಹೆಂಗಸೊಬ್ಬಳು ಬೆರಣಿ ತಟ್ಟುತ್ತಿರುವಂತೆ ತೋರಿಸಲಾಗಿರುತ್ತದೆ. ಎದುರು ಮನೆಯ ಸಿದ್ದಲಿಂಗಮ್ಮ ಅವರು ಚಿತ್ರ ಬರುವುದಕ್ಕೂ ಬಹಳ ಮೊದಲಿನಿಂದ ಅದೇ ಗೋಡೆಗೆ ಬೆರಣಿ ತಟ್ಟುತ್ತಿದ್ದು, ಬಣ್ಣ ಒಣಗಿದ ಮಾರನೆಯ ದಿನವೇ ಚಿತ್ರದ ಬೆರಣಿಗಳ ಸಾಲನ್ನು ತಮ್ಮ ಬೆರಣಿಗಳಿಂದ ಮುಂದುವರಿಸಿರುತ್ತಾರೆ. ಅವನ್ನು ಕೀಳಲು ಸಿಬ್ಬಂದಿ ಬಕೆಟ್ಟು, ಪೊರಕೆ ಸಹಿತ ಹೊರಟಿದ್ದ ವೇಳೆಗೆ, ಊರೂರು ಸುತ್ತಿ ಬರೆಯುವ ಕ್ಯಾರೊಲಿನ್ ಅವರು ಗೋಡೆಯ ಮುಂದೆ ಬಹಳ ಹೊತ್ತು ನಿಂತು ನೋಡಿ ಈ ಕೆಳಕಂಡಂತೆ ಬರೆದಿರುವುದು ಗಮನಕ್ಕೆ ಬಂದಿರುತ್ತದೆ:

“ಕಲೆ ಗೋಡೆಯ ಮೇಲಿತ್ತು. ಸಂಸ್ಕೃತಿ ಅದರ ಮೇಲೆ ಒಣಗುತ್ತಿತ್ತು. ರಾಜಕೀಯ ತನ್ನ ಹೆಸರನ್ನು ಪಕ್ಕದ ಉದ್ಘಾಟನೆಯ ಅಮೃತಶಿಲೆಯಲ್ಲಿ ಕೆತ್ತಿಸಿಕೊಂಡಿತ್ತು. ವಿಡಂಬನೆ ಯಾರದೆಂದು ಮಾತ್ರ ತಿಳಿಯಲಿಲ್ಲ.”

ಇದನ್ನು ಓದಿದವರು ದೂರದೂರದಿಂದ ಗೋಡೆ ನೋಡಲು ಬರತೊಡಗಿರುವುದರಿಂದ, ಪೊರಕೆಗಳನ್ನು ಹಿಂಪಡೆದು, ಈಗಾಗಲೇ ಹೊರಡಿಸಿದ ಎರಡು ತಿದ್ದುಪಡಿಗಳನ್ನು ಮತ್ತೆ ತಿದ್ದಿ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಬಣ್ಣದ್ದು, ಸಗಣಿಯದ್ದು ಎಂಬ ಭೇದವಿಲ್ಲದೆ ಸದರಿ ಗೋಡೆಯ ಸಮಸ್ತ ಬೆರಣಿಗಳನ್ನೂ ಕಲಾಕೃತಿಗಳೆಂದು ಪರಿಗಣಿಸತಕ್ಕದ್ದು. ಅವನ್ನು ಕೀಳುವುದು, ಒಲೆಗೆ ಹಾಕುವುದು ನಿಷೇಧಿಸಲ್ಪಟ್ಟಿದೆ. ಸಿದ್ದಲಿಂಗಮ್ಮನವರ ಮಗಳು ಪ್ರೀತಿ ಬಾಣಂತನಕ್ಕೆ ತವರಿಗೆ ಬಂದಿದ್ದು, ತಾಯಿಗೂ ಕೂಸಿಗೂ ಎರೆಯಲು ದಿನವೂ ಹಂಡೆ ನೀರು ಕಾಯಿಸಬೇಕಿದೆ ಎಂಬ ಅಂಶವು ವಿಭಾಗದ ಗಮನದಲ್ಲಿರುತ್ತದೆ. ಆದರೆ ಬಾಣಂತಿಯ ಕಾರಣಕ್ಕೆ ಕಲೆಯನ್ನು ಉರಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

೨. ಬೆರಣಿಯ ಮೇಲಿನ ಐದು ಬೆರಳ ಗುರುತನ್ನು ಕಲಾವಿದರ ಸಹಿಯೆಂದು ಅಂಗೀಕರಿಸಲಾಗಿದೆ. ಬಳೆಯ ಗುರುತೂ ಬಿದ್ದಿದ್ದಲ್ಲಿ ಮೊಹರು ಸಹಿತವೆಂದು ತಿಳಿಯತಕ್ಕದ್ದು.

೩. ಒಣಗಿ ತಾನಾಗಿ ಬಿದ್ದ ಬೆರಣಿಯು ಬಿದ್ದ ಜಾಗದಲ್ಲಿಯೇ ಪ್ರದರ್ಶನ ಮುಂದುವರಿಸುವುದು. ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆಯತಕ್ಕದ್ದು. ಗೆರೆಯೊಳಕ್ಕೆ ಕೋಳಿ ಬಾರದಂತೆ ನೋಡಿಕೊಳ್ಳುವ ಹೊಣೆ ಕೋಳಿಯ ಮಾಲೀಕರದ್ದು.

೪. ವೀಕ್ಷಕರು ಮೂಗು ಮುಚ್ಚಿಕೊಳ್ಳಬಾರದು. ನಗು ಬಂದಲ್ಲಿ ನಗಬಹುದು. ಆದರೆ ಚಿತ್ರ ನೋಡಿ ನಕ್ಕರೋ ವಿಭಾಗವನ್ನು ನೆನೆದು ನಕ್ಕರೋ ಎಂಬುದನ್ನು ಕಾವಲುಗಾರರಿಗೆ ತಿಳಿಸತಕ್ಕದ್ದು. ಎರಡನೆಯದಾದಲ್ಲಿ ಸದರಿ ನಗುವನ್ನು ಲಿಖಿತವಾಗಿ, ಸೂಕ್ತ ಮಾರ್ಗದಲ್ಲಿ ಸಲ್ಲಿಸುವುದು.

೫. ಸಿದ್ದಲಿಂಗಮ್ಮನವರ ಹಸು ಕೆಂದಿಯು ಈಚೆಗೆ ಛತ್ರದ ಹಿಂದಿನ ಎಂಜಲೆಲೆ ತಿಂದ ಪರಿಣಾಮ, ಕೆಲವು ಕಲಾಕೃತಿಗಳ ಬಣ್ಣದಲ್ಲಿ ವ್ಯತ್ಯಾಸ ಕಂಡುಬಂದಿರುತ್ತದೆ. ಶೈಲಿಯನ್ನು ಪೂರ್ವಾನುಮತಿಯಿಲ್ಲದೆ ಬದಲಿಸದಂತೆ ಹಸುವಿಗೆ ಎಚ್ಚರಿಕೆ ನೀಡಲಾಗಿದೆ.

೬. ವಿಡಂಬನೆ ಯಾರದೆಂದು ಪತ್ತೆಹಚ್ಚಲು ದ್ವಿತೀಯ ದರ್ಜೆ ಸಹಾಯಕ ಶ್ರೀ ಚಿಕ್ಕಬಸವಯ್ಯ ಅವರನ್ನು ನೇಮಿಸಲಾಗಿತ್ತು. ಚಿತ್ರ ಬರೆದವರು ಗುತ್ತಿಗೆ ಮುಗಿಸಿ ಊರು ಬಿಟ್ಟಿರುವುದಾಗಿಯೂ, ಹಸು ಹೇಳಿಕೆ ನೀಡಲು ನಿರಾಕರಿಸಿ ಮೆಲುಕು ಹಾಕುತ್ತಾ ನಿಂತಿದ್ದಾಗಿಯೂ, ಉಳಿದಂತೆ ಗುಮಾನಿಯೆಲ್ಲ ಈ ವಿಭಾಗದ ಕಡೆಗೇ ಬೊಟ್ಟು ಮಾಡುತ್ತಿರುವುದಾಗಿಯೂ ಅವರು ವರದಿ ಸಲ್ಲಿಸಿರುವುದರಿಂದ ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ.

೭. ಉಲ್ಲೇಖ (೨)ರ ಆಕ್ಷೇಪಣೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಆ ಗೋಡೆ ಮ್ಯಾಲಿನವ್ವ ಯುಗಾದಿಯಿಂದ ಒಂದೇ ಬೆರಣಿ ಇಡ್ಕಂಡು ನಿಂತವ್ಳೆ. ಅವ್ಳಿಗೇನು, ಮನೇಲಿ ಬಾಣಂತಿ ಇಲ್ಲ. ನಾನೂ ಅಂಗೇ ನಿಂತ್ಕಂಡ್ರೆ ನನ್ ಮಗಳಿಗೆ ನೀರು ಕಾಯೋದೆಂಗೆ ಸ್ವಾಮಿ? ನೀವು ಬಂದು ಊದ್ಬುಟ್ಟು ಕಾಯಿಸ್ತೀರಾ?”

ಪರಿಶೀಲಿಸಲಾಗಿ, ಊದುವ ಹುದ್ದೆ ಸದ್ಯ ಮಂಜೂರಾಗಿರುವುದಿಲ್ಲ. ಪರಿಹಾರವಾಗಿ, ಧಗಧಗಿಸಿ ಉರಿಯುತ್ತಿರುವ ಒಲೆಯ ಚಿತ್ರವೊಂದನ್ನು ಸದರಿಯವರ ಬಚ್ಚಲುಮನೆಯ ಗೋಡೆಯ ಮೇಲೆ ಉಚಿತವಾಗಿ ಬರೆಸಿಕೊಡಲು ಆದೇಶಿಸಿದೆ.

(ಸಹಿ ಇದೆ, ಓದಲಾಗುವುದಿಲ್ಲ)
ವಿಶೇಷಾಧಿಕಾರಿ (ಪ್ರಭಾರ)
ಗೋಡೆ ಸೌಂದರ್ಯ ವಿಭಾಗ

ಪ್ರತಿಗಳು:
೧. ಶ್ರೀ ಚಿಕ್ಕಬಸವಯ್ಯ ಅವರಿಗೆ, ಇನ್ನು ಮುಂದೆ ವರದಿಗಳನ್ನು ಇಷ್ಟು ಶ್ರದ್ಧೆಯಿಂದ ಬರೆಯದಿರುವ ಸಲುವಾಗಿ.
೨. ಶ್ರೀಮತಿ ಕ್ಯಾರೊಲಿನ್ ಅವರಿಗೆ, ಮುಂದಿನ ಬಾರಿ ಬಂದಲ್ಲಿ ಅರಮನೆಯನ್ನಷ್ಟೇ ನೋಡಿಕೊಂಡು ಹೋಗುವ ವಿನಂತಿಯೊಂದಿಗೆ.
೩. ಛತ್ರದ ವ್ಯವಸ್ಥಾಪಕರಿಗೆ, ಎಂಜಲೆಲೆ ವಿಚಾರ.
೪. ಶ್ರೀಮತಿ ಸಿದ್ದಲಿಂಗಮ್ಮ ಅವರಿಗೆ. ಹಿಂದಿನ ಎರಡು ತಿದ್ದುಪಡಿಗಳ ಬಗ್ಗೆ ಅಭಿಪ್ರಾಯ ಕೇಳಲಾಗಿ, “ಮೊದ್ಲು ಕೊಟ್ಟಿದ್ದು ತೆಳ್ಳಗಿತ್ತು ಸ್ವಾಮಿ, ಒಲೆಗಾಕ್ತಿದ್ದಂಗೇ ಬುಸ್ಸಂತ ಉರಿದೋಯ್ತು. ಎರಡ್ನೇದು ವಾಸಿ. ನೀರು ಚೆಂದಾಗಿ ಕಾಯ್ತು, ಕೂಸು ಎರೆಸ್ಕಂಡು ಸಂಜೆಗಂಟ ಮಲಗ್ತು” ಎಂದು ತಿಳಿಸಿರುತ್ತಾರೆ. ಆದ್ದರಿಂದ ಇವರಿಗೆ ದಪ್ಪ ಕಾಗದದಲ್ಲಿ ಒಂದು ಮೂಟೆ ಪ್ರತಿ. ಬಾಣಂತನ ಮುಗಿಯುವವರೆಗೆ ತಿದ್ದುಪಡಿಗಳನ್ನು ತಪ್ಪದೆ ಹೊರಡಿಸತಕ್ಕದ್ದು.