ಆ ವರ್ಷದ ಬಿಸಿಲು

ನಮ್ಮಣ್ಣ ಕುಡುಕನಲ್ಲ. ಕುಡುಕನಾಗಿದ್ದರೆ ಮನೆಯವರಿಗೆ ಎಷ್ಟೋ ಸುಲಭವಾಗುತ್ತಿತ್ತು! ಕುಡುಕರು ಕುಡಿದು ಮಲಗುತ್ತಾರೆ. ಇವನು ಒಂದು ಗುಟುಕು ವೈನ್ ಬಾಯಿಗೆ ಹಾಕಿ, ಗುಳುಗುಳು ಮುಕ್ಕಳಿಸಿ, ಪಕ್ಕದಲ್ಲಿಟ್ಟ ಸ್ಟೀಲಿನ ತಂಬಿಗೆಗೆ ಉಗುಳಿ, ಆಮೇಲೆ ಒಂದು ಗಂಟೆ ಮಾತಾಡುತ್ತಾನೆ. ಆ ತಂಬಿಗೆ ನನ್ನ ಮದುವೆಗೆ ಬಂದ ಉಡುಗೊರೆ. ವೆಂಬ್ಲಿಯ ನನ್ನ ಮನೆಯಿಂದ ಹೇಸ್‌ನ ಅವನ ಬಾಡಿಗೆ ಕೋಣೆಗೆ ಅದು ಯಾವಾಗ ಹೋಯಿತೋ ಗೊತ್ತಿಲ್ಲ. ವಾಪಸ್ ಕೇಳುವ ಆಸೆಯಂತೂ ನನಗಿಲ್ಲ!

ಹೋಗಲಿ, ಫ್ರೆಂಚರ ವೈನಿನ ಬಗ್ಗೆ ಮಾತಾಡಿದ್ದರೆ ನಾಲ್ಕು ಜನರ ಮುಂದೆ ನಮಗೂ ಒಂದು ಗತ್ತು ಇರುತ್ತಿತ್ತು. ಇವನು ಹಿಡಿದದ್ದು ಲಿಗೂರಿಯಾ. ಎಲ್ಲಿದೆ ಅದು? ಇಟಲಿಯ ಮೇಲ್ತುದಿಯಲ್ಲಿ, ಕಡಲಿಗೂ ಬೆಟ್ಟಕ್ಕೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಪಟ್ಟಿ ನೆಲ. ತೊಂಬತ್ತರ ದಶಕದಲ್ಲಿ ನಮ್ಮ ಇಗರ್ಜಿಯವರು ರೋಮಿಗೆ ಯಾತ್ರೆ ಹೊರಟಾಗ ಬಸ್ಸು ಅಲ್ಲಿ ಕೆಟ್ಟು ನಿಂತಿತು. ಎಲ್ಲರೂ ರಸ್ತೆ ಬದಿ ಕುಳಿತು ಜಪಸರ ಹಿಡಿದರು. ಅಣ್ಣ ಬೆಟ್ಟ ಹತ್ತಿದ. ಮೂಗು ಕೆಂಪಗೆ ಸುಟ್ಟುಕೊಂಡು ಇಳಿದು ಬಂದಾಗ ಕಂಕುಳಲ್ಲಿ ಒಂದು ಬಾಟಲಿ. ಉಳಿದವರು ರೋಮಿನಿಂದ ಪುಣ್ಯ ತಂದರು, ಇವನು ಕೆಟ್ಟ ಬಸ್ಸಿನಿಂದ ಪಿಗಾತೊ ತಂದ!

ಪಿಗಾತೊ ಅಂದರೆ ಅಲ್ಲಿಯ ಬಿಳಿ ದ್ರಾಕ್ಷಿ. ಹಣ್ಣಾದಾಗ ಸಿಪ್ಪೆಯ ಮೇಲೆ ಕಂದು ಚುಕ್ಕೆ ಏಳುತ್ತವಂತೆ. ವೆರ್ಮೆಂತಿನೊ ಅಂತ ಅದಕ್ಕೊಂದು ನೆಂಟ ದ್ರಾಕ್ಷಿಯೂ ಇದೆ. "ಮೊದಲು ಹುಳಿ, ಆಮೇಲೆ ಕಡಲಿನ ಉಪ್ಪು, ಕೊನೆಗೆ ಬಾದಾಮಿ ಸಿಪ್ಪೆಯ ಕಹಿ" ಎಂದು ಅಣ್ಣ ಕಣ್ಣು ಮುಚ್ಚಿ ಹೇಳುವುದನ್ನು ಕೇಳಿ, "ಇದನ್ನು ಜಿಪಿ ಡಾಕ್ಟರು ಬರೆದುಕೊಟ್ಟದ್ದಾ ಭಾವ?" ಎಂದು ನನ್ನ ಗಂಡ ವಿಚಾರಿಸಿದರು. ಅಣ್ಣನಿಗೆ ಸಿಟ್ಟು ಬರಲಿಲ್ಲ. "ಅಲ್ಲಿ ದ್ರಾಕ್ಷಿ ಬುಟ್ಟಿ ತಲೆಯಲ್ಲಿ ಹೊತ್ತು ಮುದುಕಿಯೊಬ್ಬಳು ಕಡಲ ಕಡೆಗೆ ಇಳಿಯುತ್ತಿದ್ದಳು. ನಮ್ಮಮ್ಮ ಮೀನಿನ ಬುಟ್ಟಿ ಹೊತ್ತು ಕಡಲಿನಿಂದ ಮೇಲೆ ಹತ್ತುತ್ತಿದ್ದಳಲ್ಲ, ಅದೇ ನಡಿಗೆ" ಎಂದ. ಆಗ ನಮ್ಮ ಮನೆಯಲ್ಲಿ ಯಾರೂ ಆ ಮಾತಿಗೆ ಕಿವಿ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಪ್ರತಿ ವರ್ಷದ ವೈನಿಗೂ ಬೇರೆ ಬೇರೆ ಜಾತಕ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅವನಿಂದಲೇ. ಯಾವ ವರ್ಷ ಬಿಸಿಲು ಚೆನ್ನಾಗಿತ್ತು, ಯಾವ ವರ್ಷ ಕೊಯ್ಲಿಗೆ ಮಳೆ ಬಂತು, ಎಲ್ಲ ಬಾಯಿಪಾಠ. ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಈ ಮನುಷ್ಯನಿಗೆ ಸ್ವಂತ ಹುಟ್ಟುಹಬ್ಬ ನೆನಪಿರುವುದಿಲ್ಲ! ಬೇರೆ ಸುಳ್ಳು ಹೇಳಿಯಾನು, ವರ್ಷದ ವಿಷಯದಲ್ಲಿ ಮಾತ್ರ ಇಲ್ಲ. ಒಮ್ಮೆ ಪಾದ್ರಿಗಳಿಗೆ ಉಡುಗೊರೆ ಕೊಡುತ್ತ, "ಫಾದರ್, ಈ ವರ್ಷದ್ದು ಅಷ್ಟಕ್ಕಷ್ಟೆ. ಒಳ್ಳೆಯ ವರ್ಷದ್ದು ಮನೆಯಲ್ಲಿ ಉಂಟು, ಅದನ್ನು ಕೊಡುವುದಿಲ್ಲ" ಎಂದುಬಿಟ್ಟ.

ಇನ್ನು ನನ್ನ ವೈನ್. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೇರೆ ವಿದ್ಯೆ ಇಲ್ಲ, ಇದೊಂದು ಬರುತ್ತದೆ. ಈಲಿಂಗ್ ರೋಡಿನಿಂದ ಕಪ್ಪು ದ್ರಾಕ್ಷಿ ತಂದು, ಸಕ್ಕರೆ, ಗೋಧಿ, ಲವಂಗ ಸೇರಿಸಿ ಭರಣಿಯಲ್ಲಿಟ್ಟರೆ ಕ್ರಿಸ್ಮಸ್ ಹೊತ್ತಿಗೆ ತಯಾರು. ಮಂಗಳೂರಿನ ಕಡೆ ನಮ್ಮವರ ಮನೆ ಮನೆಯಲ್ಲೂ ಮಾಡುವಂಥದೇ. ಬಂದವರೆಲ್ಲ ಎರಡನೇ ಸಲ ಕೇಳಿ ಕುಡಿಯುತ್ತಿದ್ದರು. ಅಣ್ಣ ಮಾತ್ರ ನಾಲಗೆಯ ತುದಿಗೆ ತಾಗಿಸಿ ಹೇಳಿದ: "ಇದು ವೈನ್ ಅಲ್ಲ ಮಾರಾಯ್ತಿ, ದ್ರಾಕ್ಷಿ ಪಾಯಸ. ಗೋಡಂಬಿ ಹಾಕಲಿಕ್ಕೆ ಮರೆತಿದ್ದಿ." (ನಾವು ಜಗಳವಾಡುವುದು ಕೊಂಕಣಿಯಲ್ಲಿ. ಕನ್ನಡಕ್ಕೆ ಬರುವಾಗ ಖಾರ ಸ್ವಲ್ಪ ಇಳಿದಿದೆ.) ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅದು ಪ್ರತಿ ವರ್ಷದ ಮಾತಾಯಿತು, ನನ್ನ ಹೊಟ್ಟೆಯೊಳಗೆ ಹುಳಿಯುತ್ತ ಕೂತಿತು.

ಎರಡು ಸಾವಿರದ ಮೂರರಲ್ಲಿ ನನ್ನ ಮಗಳ ಮದುವೆ. ನಮ್ಮಲ್ಲಿ ಊಟಕ್ಕೆ ಮೊದಲು ಎಲ್ಲರೂ ಎದ್ದು, ವೈನಿನ ಗ್ಲಾಸ್ ಎತ್ತಿ ಮದುಮಕ್ಕಳಿಗೆ ಶುಭ ಕೋರುವ ಟೋಸ್ಟ್ ಎಂಬುದಿದೆ. ಅಣ್ಣ ಮದುವೆಯಾದವನಲ್ಲ. ನಮ್ಮನ್ನು ಈ ದೇಶಕ್ಕೆ ಕರೆಸಿ ದಾರಿ ಮಾಡಿಕೊಟ್ಟವನು ಅವನೇ. "ಇಷ್ಟು ವರ್ಷ ನಿನ್ನ ಹತ್ತಿರ ನಾನು ಎಂತ ಕೇಳಿದ್ದೇನೆ? ಟೋಸ್ಟಿನ ವೈನ್ ನನ್ನದು. ಒಂದು ಸಲ ನಮ್ಮವರು ಅದರ ರುಚಿ ನೋಡಲಿ. ಆಮೇಲೆ ಬೇಕಾದರೆ ನಗಲಿ" ಎಂದ.

"ಓ ಮಮ್ಮಾ, ಜಸ್ಟ್ ಲೆಟ್ ಹಿಮ್" ಎಂದಳು ಮಗಳು. ಒಪ್ಪಿದೆ.

ಗೆಳೆಯನ ವ್ಯಾನಿನಲ್ಲಿ ಇಟಲಿಯವರೆಗೆ ಹೋಗಿ ಎರಡು ಡಜನ್ ಪಿಗಾತೊ ತಂದ. ತಂದವನು ಬಾಯಿ ಮುಚ್ಚಿಕೊಂಡಿರಬಾರದೇ? ಬೀಗರ ಮುಂದೆಯೇ ಶುರು ಮಾಡಿದ: "ಇದು ಕಳೆದ ವರ್ಷದ ಬೆಳೆ. ಆಗ ಅಲ್ಲಿ ಮಳೆಯೇ ಮಳೆ, ಬಿಸಿಲು ಸಾಲಲಿಲ್ಲ. ಹುಳಿ ಸ್ವಲ್ಪ ಮುಂದೆ ಉಂಟು. ಆದರೆ ಪ್ರಾಮಾಣಿಕ ವೈನ್, ಆಯ್ತಾ?"

ಬೀಗಿತಿ ನನ್ನ ಕಡೆ ತಿರುಗಿ, "ನಿಮ್ಮ ಕೈಯ ವೈನೇ ಇಡುತ್ತೀರಿ ಅಂತ ಆಸೆಯಲ್ಲಿದ್ದೆವು" ಎಂದರು. ಆ ಮಾತು ನನ್ನ ತಲೆಗೇರಿತು.

ಮದುವೆಯ ದಿನ ಅಣ್ಣ ಮದುವೆ ಹಾಲ್‌ನ ಅಡುಗೆಮನೆಯಲ್ಲಿ ಬಾಟಲಿಗಳನ್ನು ಮಂಜುಗಡ್ಡೆಯಲ್ಲಿ ಮಲಗಿಸಿ, ಒಂದೊಂದನ್ನೇ ತೆರೆದು, "ಜಗ್ಗಿಗೆ ಹಾಕಿ ಕೊಡು. ಬೇರೆ ಎಂತದೂ ಮಾಡಬೇಡ" ಎಂದು ಹೇಳಿ ಫೋಟೋಕ್ಕೆ ಹೋದ. ನಾನು ಮನೆಯಿಂದಲೇ ಸಕ್ಕರೆ ಪಾಕ ಮಾಡಿ ತಂದಿದ್ದೆ. ಅಂದರೆ ಇದು ಕೈತಪ್ಪಿ ಆದದ್ದಲ್ಲ. ಒಲೆ ಹಚ್ಚಿ, ಸೌಟು ಹಿಡಿದು, ಆರಲಿಕ್ಕಿಟ್ಟು ಮಾಡಿದ ತಪ್ಪು. ಎಲ್ಲ ಜಗ್ಗಿಗೂ ಸುರಿದು ಕಲಸಿದೆ. ಮಗಳ ಮದುವೆಯಲ್ಲಿ ಯಾರೂ ಮುಖ ಹಿಂಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಪಾಯಸ ಎಂದವನಿಗೆ ಪಾಯಸವನ್ನೇ ಕುಡಿಸುವ ಖುಷಿ ಇರಲಿಲ್ಲವೇ? ಇತ್ತು.

ಗ್ಲಾಸುಗಳು ಎದ್ದವು. ಹಾಲ್ ತುಂಬ ಚಪ್ಪರಿಸುವ ಸದ್ದು. ನಮ್ಮ ಪಕ್ಕದ ಮನೆಯ ಧಾರವಾಡದ ರಾಯರು, "ಏನ್ ಮಸ್ತ್ ಐತ್ರೀ! ಇನ್ನೊಂದೀಟು ಹಾಕ್ರಿ" ಎಂದು ಗ್ಲಾಸ್ ಚಾಚಿದರು. ಮೈಕಿನ ಮುಂದೆ ನಿಂತ ಅಣ್ಣ ಗುಟುಕು ಬಾಯಿಗೆ ಹಾಕಿ ಮುಕ್ಕಳಿಸತೊಡಗಿದ. ಕೆನ್ನೆ ತಟ್ಟನೆ ನಿಂತಿತು. ಕಣ್ಣು ಅಷ್ಟೂ ಜನರನ್ನು ದಾಟಿ, ಅಡುಗೆಮನೆಯ ಬಾಗಿಲಲ್ಲಿದ್ದ ನನ್ನನ್ನು ಹುಡುಕಿತು. ಅಲ್ಲಿ ತಂಬಿಗೆ ಇರಲಿಲ್ಲ. ಅವನು ನುಂಗಿದ.

"ಇದು ಇಷ್ಟು ಸಿಹಿ ಯಾಕೆ ಗೊತ್ತುಂಟಾ?" ಎಂದ ಮೈಕಿನಲ್ಲಿ. "ಕಳೆದ ವರ್ಷ ಅಲ್ಲಿ ಬಿಸಿಲು ಜಾಸ್ತಿ."

ಚಪ್ಪಾಳೆ ಬಿತ್ತು. ಪಾದ್ರಿಗಳಿಗೂ ಹೇಳದಿದ್ದ ಸುಳ್ಳನ್ನು ಹೇಳಿ, ಗ್ಲಾಸನ್ನು ತಳ ಕಾಣುವವರೆಗೆ ಕುಡಿದ. ಜನ ಹೊಗಳಿದ್ದೆಲ್ಲ ನನ್ನ ಸಕ್ಕರೆಯನ್ನು. ಅವನು ಬೆಟ್ಟದಿಂದ ತಂದದ್ದರ ರುಚಿಯನ್ನು ಆ ಹಾಲ್‌ನಲ್ಲಿ ಒಬ್ಬರೂ ನೋಡಲಿಲ್ಲ. ಒಂದು ಸಲ ಎಂದು ತಾನೇ ಕೇಳಿದ್ದ?

ಅಷ್ಟಕ್ಕೇ ಮುಗಿಯಲಿಲ್ಲ. ಧಾರವಾಡದ ರಾಯರು ಅದೇ ಹೆಸರಿನ ಬಾಟಲಿ ಹುಡುಕಿ ಕೊಂಡು, ಕುಡಿದು, ಅಣ್ಣ ನಮ್ಮ ಮನೆಗೆ ಬಂದಿದ್ದಾಗ ನೇರ ಬಂದರು. "ಏನ್ರೀ ಅಣ್ಣಾರ, ಅದ ಹೆಸರು, ಅದ ಊರು. ಬಾಯಾಗ ಹಾಕಿದ್ರ ಹಲ್ಲು ಜುಮ್ ಅಂದ್ವು! ನಿಮ್ಮದು ಹಂಗ ಇರಲಿಲ್ಲಲ್ರೀ?"

ಚಹಾ ತರುತ್ತಿದ್ದ ನಾನು ಬಾಗಿಲಲ್ಲೇ ನಿಂತೆ. ಅಣ್ಣ ನನ್ನ ಕಡೆ ನೋಡಲೇ ಇಲ್ಲ. "ಎಂತ ಮಾಡುವುದು ರಾಯರೇ, ಅಂಥ ವರ್ಷ ಪದೇ ಪದೇ ಬರುವುದಿಲ್ಲ" ಎಂದ.

ಆಮೇಲೆ ನಮ್ಮ ಮನೆಯಲ್ಲಿ ಅವನು ವೈನಿನ ಮಾತೆತ್ತಲಿಲ್ಲ. ಅದನ್ನೇ ಅಲ್ಲವೇ ನಾವೆಲ್ಲ ಬಯಸಿದ್ದು! ಕ್ರಿಸ್ಮಸ್‌ಗೆ ನನ್ನ ವೈನ್ ಸುಮ್ಮನೆ ಕುಡಿದ. ಪಾಯಸ ಎನ್ನಲಿಲ್ಲ. ಎನ್ನಲಿ ಎಂದು ನಾನು ಕಾದೆ. ನಾಲ್ಕು ಕ್ರಿಸ್ಮಸ್ ಹಾಗೇ ಹೋದವು.

ಕೊನೆಗೆ ಒಂದು ಭಾನುವಾರ ಪೂಜೆ ಮುಗಿಸಿ ಹೇಸ್‌ಗೆ ಹೋದೆ. "ನನಗೊಂದು ಗ್ಲಾಸ್ ಪಿಗಾತೊ ಕೊಡು" ಎಂದೆ. ಅವನು ನನ್ನನ್ನು ಒಮ್ಮೆ ನೋಡಿ, ಬಾಟಲಿ ತೆರೆದು ಸುರಿದು, ಅಭ್ಯಾಸದಂತೆ ತಂಬಿಗೆಯನ್ನೂ ನನ್ನ ಮುಂದಿಟ್ಟ.

"ಅಣ್ಣಾ, ಮದುವೆಯ ದಿನ ನಾನು..."

"ಎಷ್ಟು ಹಾಕಿದ್ದಿ?"

"ಎರಡು ಕಿಲೋ."

"ಅಯ್ಯೋ ದೇವರೇ! ಇಡೀ ಲಿಗೂರಿಯಾದಲ್ಲಿ ಅಷ್ಟು ಬಿಸಿಲಿಲ್ಲ ಮಾರಾಯ್ತಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಮೆಲ್ಲಗೆ ಹೇಳಿದ: "ಸಿಹಿ ಬೇಕಿದ್ದರೆ ಕೇಳಬೇಕಿತ್ತು. ದ್ರಾಕ್ಷಿ ಒಣಗಿಸಿ ಮಾಡುವ ಸಿಹಿ ವೈನ್ ಕೂಡ ಅಲ್ಲಿ ಉಂಟು. ತರುತ್ತಿದ್ದೆ."

ಗ್ಲಾಸ್ ಎತ್ತಿದೆ. ಹುಳಿ ಬಂತು, ಮುಖ ಹಿಂಡಿತು. ಅಣ್ಣ ತಂಬಿಗೆಯನ್ನು ಇನ್ನಷ್ಟು ಹತ್ತಿರ ಸರಿಸಿದ. ನಾನು ಅದನ್ನು ಮೇಜಿನ ಆಚೆ ತುದಿಗೆ ತಳ್ಳಿ, ನುಂಗಿ, ಬಾದಾಮಿ ಸಿಪ್ಪೆಯ ಕಹಿ ಬರಲೆಂದು ಕಾದು ಕೂತೆ.